ಟರ್ಮಿನಲ್‌ನಲ್ಲಿ ಪಾಸು, ಹುಕ್‌ನಲ್ಲಿ ಫೇಲು

ಪ್ರಶ್ನೆ: ಮೆಕ್ಕೆಜೋಳದ ವರ್ತಕರಿಗಾಗಿ ನಾವು ಬರೆಯುತ್ತಿರುವ ಲೆಕ್ಕಪತ್ರದ ತಂತ್ರಾಂಶವು ದಿನದ ಧಾರಣೆಯ ಕಡತಗಳನ್ನು ಗಿಟ್‌ನಲ್ಲಿ (ಕಡತಗಳ ಬದಲಾವಣೆಗಳ ದಾಖಲೆ ಇಡುವ ತಂತ್ರಾಂಶ) ಇಡುತ್ತದೆ. ಆದ್ದರಿಂದ ನಮ್ಮ ಟೆಸ್ಟ್‌ಗಳು ತಾತ್ಕಾಲಿಕ ಫೋಲ್ಡರಿನಲ್ಲಿ ಹೊಸ ರೆಪೊಸಿಟರಿ (ಗಿಟ್‌ನ ದಾಖಲೆಗಳ ಭಂಡಾರ) ತೆರೆದು, ಅಲ್ಲಿ ಕಮಿಟ್ ಮಾಡಿ, ಅಂದರೆ ಬದಲಾವಣೆಯನ್ನು ದಾಖಲಿಸಿ, ನೋಡುತ್ತವೆ. ಟರ್ಮಿನಲ್‌ನಲ್ಲಿ ಓಡಿಸಿದರೆ ಎಲ್ಲವೂ ಪಾಸಾಗುತ್ತವೆ. ಪ್ರಿ-ಕಮಿಟ್ ಹುಕ್‌ನಲ್ಲಿ (ಕಮಿಟ್‌ಗೆ ಮೊದಲು ಗಿಟ್ ತಾನೇ ಓಡಿಸುವ ಸ್ಕ್ರಿಪ್ಟ್) ಫೇಲಾಗುತ್ತವೆ. ಪ್ರತ್ಯೇಕ ವರ್ಕ್‌ಟ್ರೀ (ಅದೇ ರೆಪೊಸಿಟರಿಗೆ ಜೋಡಿಸಿದ ಇನ್ನೊಂದು ಕೆಲಸದ ಫೋಲ್ಡರ್) ಇಟ್ಟುಕೊಂಡಿರುವ ಸಹೋದ್ಯೋಗಿಯೊಬ್ಬರಲ್ಲಂತೂ ಟೆಸ್ಟ್‌ನ ಕಮಿಟ್ ನಮ್ಮ ಅಸಲು ರೆಪೊಸಿಟರಿಗೇ ಸೇರಿಬಿಟ್ಟಿತು. ಏಕೆ ಹೀಗೆ?
— ಓದುಗರೊಬ್ಬರು, ವಿದ್ಯಾನಗರ, ದಾವಣಗೆರೆ

ಉತ್ತರ: ಒಂದು ಪ್ರೋಗ್ರಾಂ ಇನ್ನೊಂದನ್ನು ಚಾಲೂ ಮಾಡುವಾಗ, ಬೇರೆ ಹೇಳದ ಹೊರತು, ತನ್ನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳ (ಪ್ರೋಗ್ರಾಂ ಜೊತೆಗೇ ಸಾಗುವ, ಹೆಸರಿಟ್ಟ ಮಾಹಿತಿಗಳು) ಪ್ರತಿಯನ್ನು ಅದಕ್ಕೂ ಕೊಡುತ್ತದೆ. ಹುಕ್ಕನ್ನು ಓಡಿಸುವುದು ಗಿಟ್. ಹುಕ್‌ನೊಳಗಿನ ಆದೇಶಗಳಿಗೆ ರೆಪೊಸಿಟರಿಯೂ ಅದರ ಇಂಡೆಕ್ಸೂ (ಮುಂದಿನ ಕಮಿಟ್‌ಗೆ ಸಿದ್ಧವಾದ ಕಡತಗಳ ಪಟ್ಟಿ) ಎಲ್ಲಿವೆಯೆಂದು ತಿಳಿಯಲೆಂದು ಅದು ‘ಗಿಟ್_ಇಂಡೆಕ್ಸ್_ಫೈಲ್’ ವೇರಿಯಬಲ್ಲನ್ನೂ, ವರ್ಕ್‌ಟ್ರೀ ಆಗಿದ್ದರೆ ‘ಗಿಟ್_ಡಿರ್’ ವೇರಿಯಬಲ್ಲನ್ನೂ ತುಂಬಿರುತ್ತದೆ. ಅವು ಹುಕ್‌ನಿಂದ ಟೆಸ್ಟ್‌ಗೆ, ಟೆಸ್ಟ್‌ನಿಂದ ಅದು ಕರೆಯುವ ಗಿಟ್‌ಗೆ ಇಳಿದು ಬರುತ್ತವೆ. ‘ಗಿಟ್_ಡಿರ್’ ಇದ್ದ ಮೇಲೆ ಗಿಟ್ ತಾನು ಯಾವ ಫೋಲ್ಡರಿನಲ್ಲಿದ್ದೇನೆಂದು ನೋಡಿ ರೆಪೊಸಿಟರಿ ಹುಡುಕುವುದಿಲ್ಲ; ತಾತ್ಕಾಲಿಕ ಫೋಲ್ಡರಿನಲ್ಲಿ ಕೊಟ್ಟ ‘ಗಿಟ್ ಇನಿಟ್’ ಕೂಡ ಹೊಸದನ್ನು ತೆರೆಯದೆ ನಿಮ್ಮ ಹಳೆಯದರ ಮೇಲೆಯೇ ಮತ್ತೊಮ್ಮೆ ಓಡುತ್ತದೆ.

ಹುಕ್‌ನಲ್ಲಿ ವೇರಿಯಬಲ್‌ಗಳ ಪಟ್ಟಿ ಕೊಡುವ ‘ಎನ್ವ್’ ಆದೇಶ ಹಾಕಿ, ‘ಗಿಟ್_’ ಎಂದು ಆರಂಭವಾಗುವ ಸಾಲುಗಳನ್ನು ಟರ್ಮಿನಲ್‌ನ ಪಟ್ಟಿಯೊಂದಿಗೆ ಹೋಲಿಸಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ರೆಪೊಸಿಟರಿಗೆ ಅಂಟಿಕೊಂಡ ವೇರಿಯಬಲ್‌ಗಳ ಹೆಸರುಗಳನ್ನು ‘ಗಿಟ್ ರೆವ್-ಪಾರ್ಸ್ --ಲೋಕಲ್-ಎನ್ವ್-ವಾರ್ಸ್’ ಆದೇಶವೇ ಕೊಡುತ್ತದೆ. ಟೆಸ್ಟ್ ಗಿಟ್ಟನ್ನು ಕರೆಯುವ ಜಾಗದಲ್ಲೇ ಅವನ್ನೆಲ್ಲ ಅಳಿಸಿರಿ. ಹುಕ್‌ನಲ್ಲಿ ಅಳಿಸಿದರೂ ಸದ್ಯಕ್ಕೆ ಕೆಲಸವಾಗುತ್ತದೆ, ಆದರೆ ನಾಳೆ ಬೇರೊಂದು ಹುಕ್‌ನಿಂದ ಟೆಸ್ಟ್ ಓಡಿದರೆ ಮತ್ತೆ ಅದೇ ಗೋಳು. ಆ ಪಟ್ಟಿಯಲ್ಲಿ ‘ಗಿಟ್_ಆಥರ್_ನೇಮ್’ ಇರುವುದಿಲ್ಲ. ಕಮಿಟ್ ಮಾಡುವಾಗ ಗಿಟ್ ಅದನ್ನೂ ತುಂಬುವುದರಿಂದ, ಟೆಸ್ಟ್ ತನ್ನ ಕಾನ್ಫಿಗ್‌ನಲ್ಲಿ ಬರೆದುಕೊಂಡ ಹೆಸರಿನ ಬದಲು ನಿಮ್ಮ ಹೆಸರೇ ಕಾಣಿಸಿಕೊಳ್ಳಬಹುದು, ಅದನ್ನೂ ತೆಗೆಯಿರಿ.

‘ಎನ್ವ್ -ಐ’ ಬಳಸಿ ಎಲ್ಲವನ್ನೂ ಒರೆಸಿಹಾಕುವ ಸಲಹೆ ಕೆಲವರು ಕೊಡುತ್ತಾರೆ, ನನಗದು ಒಪ್ಪಿಗೆಯಿಲ್ಲ. ‘ಪಾತ್’ ಹೋದರೆ ಪ್ರೋಗ್ರಾಂಗಳು ಸಿಗದೆ ಹೋಗಬಹುದು. ‘ಹೋಮ್’ ಹೋದರೆ ನಿಮ್ಮ ಹೆಸರು ಬರೆದಿಟ್ಟ ಗಿಟ್‌ಕಾನ್ಫಿಗ್ ಕಡತ ಕಾಣದೆ, ಅದರ ಹೆಸರನ್ನೇ ನಂಬಿದ ಕಮಿಟ್‌ಗಳು ನಿಲ್ಲಬಹುದು.

ತಪ್ಪಿ ಸೇರಿದ ಕಮಿಟ್‌ನ ಹಿಂದಿನ ಸ್ಥಿತಿ ‘ಗಿಟ್ ರಿಫ್ಲಾಗ್’ನಲ್ಲಿ ಸಿಗುತ್ತದೆ, ಪುಶ್ ಮಾಡುವ (ಸರ್ವರ್‌ಗೆ ಕಳಿಸುವ) ಮೊದಲೇ ಸರಿಪಡಿಸಿಕೊಳ್ಳಿ. ಬಳಿಕ, ‘ಗಿಟ್_ಡಿರ್’ಗೆ ಬೇಕೆಂದೇ ಇಲ್ಲದ ಫೋಲ್ಡರಿನ ಹೆಸರು ಕೊಟ್ಟು, ರೆಪೊಸಿಟರಿ ತಾತ್ಕಾಲಿಕ ಫೋಲ್ಡರಿನಲ್ಲೇ ತೆರೆದುಕೊಂಡಿತೇ ಎಂದು ನೋಡುವ ಒಂದು ಟೆಸ್ಟನ್ನೂ ಸೇರಿಸಿರಿ, ಮುಂದೆ ಯಾರಾದರೂ ಆ ಅಳಿಸುವ ಸಾಲನ್ನು ತೆಗೆದರೆ ಅದು ಫೇಲಾಗಿ ಕೂಡಲೇ ತಿಳಿಸುತ್ತದೆ.