ಲಂಡನ್ನಿನ ಆರು ವಿಮಾನ ನಿಲ್ದಾಣಗಳಲ್ಲಿ ಯಾವುದನ್ನು ಆರಿಸಬೇಕು?

ಲಂಡನ್ನಿಗೆ ಟಿಕೆಟ್ ಹುಡುಕಿದರೆ ಹೀಥ್ರೂ, ಗ್ಯಾಟ್ವಿಕ್, ಸ್ಟಾನ್‌ಸ್ಟೆಡ್, ಲೂಟನ್, ಸಿಟಿ, ಸೌತೆಂಡ್ ಎಂಬ ಆರು ನಿಲ್ದಾಣಗಳ ಹೆಸರು ಬರುತ್ತದೆ; ಇವುಗಳಲ್ಲಿ ಅಗ್ಗವಾದುದನ್ನೇ ಆರಿಸಬಹುದೇ ಎಂಬುದು ಪ್ರಶ್ನೆ. ನೀವು ಉಳಿದುಕೊಳ್ಳುವ ಜಾಗದವರೆಗಿನ ರೈಲಿನ ವೆಚ್ಚವನ್ನೂ ಸಮಯವನ್ನೂ ಟಿಕೆಟ್ ದರಕ್ಕೆ ಕೂಡಿಸಿದ ಮೇಲಷ್ಟೇ ಆ ಹೋಲಿಕೆಗೆ ಅರ್ಥವಿರುತ್ತದೆ.

ದೂರದೇಶಗಳಿಂದ ಬರುವ ನೇರ ವಿಮಾನಗಳು ಹೆಚ್ಚಾಗಿ ಹೀಥ್ರೂವಿನಲ್ಲಿ ಇಳಿಯುತ್ತವೆ. ಅಲ್ಲಿಂದ ನಗರದ ನಡುವಿಗೆ ಎಲಿಜಬೆತ್ ಮಾರ್ಗದ ರೈಲು ವೇಗವಾಗಿ ಹೋದರೆ, ಪಿಕಾಡಿಲಿ ಮಾರ್ಗದ ಮೆಟ್ರೊ ನಿಧಾನವಾದರೂ ಅಗ್ಗ. ಗ್ಯಾಟ್ವಿಕ್ ದಕ್ಷಿಣಕ್ಕೆ ಸುಮಾರು 45 ಕಿ.ಮೀ. ದೂರವಿದ್ದರೂ, ನಗರದ ನಡುವಿನ ವಿಕ್ಟೋರಿಯಾ ರೈಲು ನಿಲ್ದಾಣಕ್ಕೆ ಅರ್ಧ ಗಂಟೆಯ ರೈಲು ಇರುವುದರಿಂದ ದೂರ ಅಷ್ಟಾಗಿ ಕಾಡುವುದಿಲ್ಲ.

ಸ್ಟಾನ್‌ಸ್ಟೆಡ್ ಮತ್ತು ಲೂಟನ್ ಯುರೋಪಿನ ಅಗ್ಗದ ವಿಮಾನಗಳ ನೆಲೆಗಳು. ನಸುಕಿನಲ್ಲೇ ಹೊರಡುವ ವಿಮಾನವನ್ನು ಹಿಡಿಯಲು ಟ್ಯಾಕ್ಸಿ ಮಾಡಬೇಕಾಗಿ ಬಂದರೆ ಟಿಕೆಟ್ಟಿನಲ್ಲಿ ಉಳಿಸಿದ ಹಣ ಅಲ್ಲಿಗೇ ಮುಗಿಯುತ್ತದೆ. ಸೌತೆಂಡ್‌ನಿಂದ ವಿಮಾನ ಹೋಗುವ ಊರುಗಳು ಕಡಿಮೆ.

ನನಗೆ ಮೆಚ್ಚುಗೆಯಾದುದು ಸಿಟಿ ನಿಲ್ದಾಣ. ರನ್‌ವೇ ಕೇವಲ 1,508 ಮೀಟರ್ ಉದ್ದವಿದ್ದು, ಇಳಿಯುವ ಕೋನ 5.5 ಡಿಗ್ರಿಯಷ್ಟು ಕಡಿದಾಗಿರುವುದರಿಂದ ಚಿಕ್ಕ ವಿಮಾನಗಳಷ್ಟೇ ಬರುತ್ತವೆ, ಜನಸಂದಣಿಯೂ ಕಡಿಮೆ. ಆದರೆ ಶನಿವಾರ ಮಧ್ಯಾಹ್ನದಿಂದ ಭಾನುವಾರ ಮಧ್ಯಾಹ್ನದವರೆಗೆ ಅದು ಮುಚ್ಚಿರುತ್ತದೆ.

ಒಂದು ನಿಲ್ದಾಣದಲ್ಲಿ ಇಳಿದು ಮತ್ತೊಂದರಿಂದ ಹಾರುವ ಯೋಜನೆಯಿದ್ದರೆ ಬ್ರಿಟನ್ನಿನ ವಲಸೆ ತಪಾಸಣೆಯನ್ನು ದಾಟಿಯೇ ಹೋಗಬೇಕಾಗುವುದರಿಂದ, ವೀಸಾ ನಿಯಮವನ್ನು ಟಿಕೆಟ್ ಕೊಳ್ಳುವ ಮೊದಲೇ ನೋಡಿಕೊಳ್ಳಿ.