ಬೇಡವಾದ ಆಟಗಾರನಿಗೆ ಸನ್ಸ್ 133 ಮಿಲಿಯನ್ ಡಾಲರ್ ಯಾಕೆ ಕೊಟ್ಟಿತು?

ನಿಮ್ಮ ಪ್ರಶ್ನೆ ಇದು: 2022ರಲ್ಲಿ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೀನಿಕ್ಸ್ ಸನ್ಸ್ ತಂಡಕ್ಕೂ ಅದರ ಸೆಂಟರ್ (ಬುಟ್ಟಿಯ ಹತ್ತಿರ ಆಡುವ ಎತ್ತರದ ಆಟಗಾರ) ಡಿಆಂಡ್ರೆ ಏಟನ್‌ಗೂ ಸರಿಹೋಗುತ್ತಿರಲಿಲ್ಲ. ಆದರೂ ಇಂಡಿಯಾನಾ ಪೇಸರ್ಸ್ ಕೊಟ್ಟ 4 ವರ್ಷ, 133 ಮಿಲಿಯನ್ ಡಾಲರ್ ಆಫರ್‌ಗೆ ಸಮನಾಗಿ ದುಡ್ಡು ಕೊಟ್ಟು ಅವನನ್ನು ಯಾಕೆ ಉಳಿಸಿಕೊಂಡರು? ಸುಮ್ನೆ ಬಿಟ್ಟುಬಿಡಬಹುದಿತ್ತು, ಇಲ್ಲಾ ಆಗಲೇ ಟ್ರೇಡ್ ಮಾಡಬಹುದಿತ್ತು (ಬೇರೆ ತಂಡಕ್ಕೆ ಕೊಟ್ಟು ಬದಲಿಗೆ ಬೇರೆ ಆಟಗಾರರನ್ನು ತರಬಹುದಿತ್ತು), ಅಲ್ವಾ?

ಬಿಟ್ಟಿದ್ದರೆ ಕೈಗೆ ಏನೂ ಸಿಗುತ್ತಿರಲಿಲ್ಲ. ಟ್ರೇಡ್ ಮಾಡೋಣ ಅಂದರೆ ಮಾಡಲು ಕೈಯಲ್ಲಿ ಒಪ್ಪಂದವೇ ಇರಲಿಲ್ಲ. ಇಷ್ಟೇ ವಿಷಯ. ಆದರೆ ಇದರ ಲೆಕ್ಕ ಸ್ವಲ್ಪ ಮಜವಾಗಿದೆ, ಹಾಗಾಗಿ ಬಿಡಿಸಿ ಬರೆಯುತ್ತೇನೆ.

ನಾನು ಬೆಂಗಳೂರಿನಲ್ಲಿ ಕೂತು ಬೆಳಗಿನ ಜಾವ ಎದ್ದು ಎನ್‌ಬಿಎ ನೋಡುವ ಪೈಕಿ. ಆ ಮೇ ತಿಂಗಳಲ್ಲಿ ಡಲ್ಲಾಸ್ ವಿರುದ್ಧದ ಪ್ಲೇಆಫ್ ಸರಣಿಯ ಕೊನೆಯ, ಏಳನೇ ಪಂದ್ಯವನ್ನೂ ಹಾಗೇ ನೋಡಿದೆ. ಆ ಸೀಸನ್‌ನಲ್ಲಿ ಸನ್ಸ್ 64 ಪಂದ್ಯ ಗೆದ್ದಿತ್ತು, ತಂಡದ ಇತಿಹಾಸದಲ್ಲೇ ದಾಖಲೆ. ಅರ್ಧ ಆಟ ಮುಗಿದಾಗ ಇಡೀ ಸನ್ಸ್ ತಂಡದ್ದು 27 ಪಾಯಿಂಟ್. ಎದುರಾಳಿ ಲೂಕಾ ಡಾಂಚಿಚ್ ಒಬ್ಬನದೇ 27. ನಾನು ಟೀವಿ ಆಫ್ ಮಾಡಿ ಕಾಫಿ ಮಾಡಿಕೊಂಡೆ. ಕೊನೆಗೆ 123-90ರಿಂದ ಸೋತರು. ಏಟನ್ ಆಡಿದ್ದು ಬರೀ 17 ನಿಮಿಷ. ಯಾಕೆ ಅಂತ ಕೇಳಿದ್ದಕ್ಕೆ ಕೋಚ್ ಮಾಂಟಿ ವಿಲಿಯಮ್ಸ್, ಅದು ಒಳಗಿನ ವಿಷಯ ಅಂದರು. ಆಮೇಲೆ ಸೆಪ್ಟೆಂಬರ್‌ವರೆಗೂ ಕೋಚ್ ಜೊತೆ ತಾನು ಮಾತೇ ಆಡಿಲ್ಲ ಅಂತ ಏಟನ್ ಹೇಳಿದ. ನೀವು ಹೇಳುವ ಮುನಿಸು ನಿಜವೇ.

ಈಗ ನಿಯಮಕ್ಕೆ ಬರೋಣ. ಡ್ರಾಫ್ಟ್‌ನ (ಹೊಸ ಹುಡುಗರನ್ನು ತಂಡಗಳು ಸರದಿಯಲ್ಲಿ ಆರಿಸುವ ವ್ಯವಸ್ಥೆ) ಮೊದಲ ಸುತ್ತಿನಲ್ಲಿ ಆಯ್ಕೆಯಾದ ಹುಡುಗನಿಗೆ 4 ವರ್ಷದ ಒಪ್ಪಂದ ಇರುತ್ತದೆ. ಏಟನ್ 2018ರಲ್ಲಿ ಮೊದಲನೆಯವನಾಗಿ ಆಯ್ಕೆಯಾದವನು, ಹಾಗಾಗಿ 2022ಕ್ಕೆ ಅವನ ಒಪ್ಪಂದ ಮುಗಿಯಿತು. ಆಗ ಹಳೇ ತಂಡ ಒಂದು ವರ್ಷದ 'ಕ್ವಾಲಿಫೈಯಿಂಗ್ ಆಫರ್' ಕೊಟ್ಟರೆ ಅವನು ರಿಸ್ಟ್ರಿಕ್ಟೆಡ್ ಫ್ರೀ ಏಜೆಂಟ್ ಆಗುತ್ತಾನೆ. ಏಟನ್‌ಗೆ ಕೊಟ್ಟದ್ದು 16.4 ಮಿಲಿಯನ್. ಅವನು ಯಾವ ತಂಡದ ಜೊತೆ ಬೇಕಾದರೂ ಮಾತಾಡಬಹುದು, ಅವರ ಆಫರ್ ಶೀಟ್‌ಗೆ, ಅಂದರೆ ಅವರು ಬರೆದುಕೊಟ್ಟ ಒಪ್ಪಂದಕ್ಕೆ, ಸಹಿ ಹಾಕಬಹುದು. ಆದರೆ ಅಷ್ಟೇ ದುಡ್ಡು ಕೊಡುತ್ತೇವೆ ಅಂತ ಹಳೇ ತಂಡ ಹೇಳಿದರೆ ಅವನು ಅಲ್ಲೇ ಉಳಿಯಬೇಕು. ಆಗಿನ ನಿಯಮದಲ್ಲಿ ಯೋಚಿಸಲು ಎರಡು ದಿನ ಸಿಗುತ್ತಿತ್ತು.

ಐಪಿಎಲ್ ನೋಡುವವರಿಗೆ ಇದು ಆರ್‌ಟಿಎಂ ಕಾರ್ಡ್ (ಹರಾಜಿನಲ್ಲಿ ಹೋದ ತನ್ನ ಆಟಗಾರನನ್ನು ಬೆಲೆ ಸರಿಗಟ್ಟಿ ಹಳೇ ತಂಡ ಉಳಿಸಿಕೊಳ್ಳುವ ಹಕ್ಕು) ಥರ ಕಾಣುತ್ತದೆ. ನನಗೂ ಮೊದಲು ಹಾಗೇ ಅನ್ನಿಸಿತ್ತು. ಆದರೆ ಗೊಂದಲ ಶುರುವಾಗುವುದೇ ಇಲ್ಲಿಂದ. 2024ರ ನವೆಂಬರ್ ಹರಾಜಿನಲ್ಲಿ ಮೊಹಮ್ಮದ್ ಸಿರಾಜ್ 12.25 ಕೋಟಿಗೆ ಗುಜರಾತ್ ಪಾಲಾದಾಗ ಆರ್‌ಸಿಬಿ ಕಾರ್ಡ್ ಎತ್ತಲಿಲ್ಲ. ನಾವೆಲ್ಲ ಬೈದೆವು. ಆದರೆ ಆ 12.25 ಕೋಟಿ ಆರ್‌ಸಿಬಿ ಚೀಲದಲ್ಲೇ ಉಳಿಯಿತು, ಆಮೇಲೆ ಹೇಜಲ್‌ವುಡ್, ಭುವನೇಶ್ವರ್ ಬಂದರು. ಬೇಡ ಅಂದರೆ ದುಡ್ಡು ಉಳಿಯುತ್ತದೆ, ಇನ್ನೊಬ್ಬ ಬರುತ್ತಾನೆ.

ಎನ್‌ಬಿಎಯಲ್ಲಿ ಸನ್ಸ್‌ನಂಥ ತಂಡಕ್ಕೆ ಹಾಗಾಗುವುದಿಲ್ಲ. 2022-23ರ ಸ್ಯಾಲರಿ ಕ್ಯಾಪ್, ಅಂದರೆ ಒಂದು ತಂಡದ ಒಟ್ಟು ಸಂಬಳದ ಮಿತಿ, ಸುಮಾರು 123.7 ಮಿಲಿಯನ್. ಡೆವಿನ್ ಬುಕರ್, ಕ್ರಿಸ್ ಪಾಲ್, ಮಿಕಾಲ್ ಬ್ರಿಜಸ್ ಮತ್ತು ಉಳಿದವರ ಸಂಬಳ ಸೇರಿಸಿದರೆ ಏಟನ್ ಇಲ್ಲದೆಯೇ ಆ ಗೆರೆ ದಾಟಿತ್ತು. ಗೆರೆ ದಾಟಿದ ಮೇಲೂ ನಿಮ್ಮದೇ ಆಟಗಾರನಿಗೆ ಗರಿಷ್ಠ ಸಂಬಳದವರೆಗೂ ಕೊಡಬಹುದು, ಅದಕ್ಕೆ ವಿನಾಯಿತಿ ಇದೆ. ಹೊರಗಿನವನಿಗೆ ಮಾತ್ರ ಅಷ್ಟು ಕೊಡುವ ಹಾಗಿಲ್ಲ. ಅಂದರೆ ಏಟನ್‌ಗೆ ಕೊಡಬಹುದಾದ ಆ ವರ್ಷದ 30.9 ಮಿಲಿಯನ್, ಏಟನ್‌ಗೆ ಮಾತ್ರ ಕೊಡಬಹುದಾದ ದುಡ್ಡು. ಅವನು ಹೋದರೆ ಅದೂ ಮಾಯ. ಅವನ ಬದಲಿಗೆ ಯಾರನ್ನಾದರೂ ತರಲು ಉಳಿಯುವುದು 10 ಮಿಲಿಯನ್ ಚಿಲ್ಲರೆಯ ಮಿಡ್ ಲೆವೆಲ್ ವಿನಾಯಿತಿ. ಆ ದುಡ್ಡಿಗೆ ಏಟನ್ ದರ್ಜೆಯ ಸೆಂಟರ್ ಬರುವುದಿಲ್ಲ.

ಮಾಲೀಕರಿಗೆ ಉಳಿತಾಯ ಆಗುತ್ತಿತ್ತು, ಅದು ನಿಜ. ಆ ವರ್ಷ ಸುಮಾರು 150 ಮಿಲಿಯನ್ ದಾಟಿದರೆ ಲಕ್ಷುರಿ ಟ್ಯಾಕ್ಸ್. ಮೊದಲ 5 ಮಿಲಿಯನ್‌ವರೆಗೆ ದಾಟಿದ ಒಂದೊಂದು ಡಾಲರಿಗೂ ಒಂದೂವರೆ ಡಾಲರ್ ದಂಡ, ಆಮೇಲೆ ಇನ್ನೂ ಏರುತ್ತದೆ. ಆದರೆ ಹಿಂದಿನ ವರ್ಷ ಫೈನಲ್ ಆಡಿ, ಈ ವರ್ಷ 64 ಪಂದ್ಯ ಗೆದ್ದ ತಂಡ ಟ್ಯಾಕ್ಸ್ ಉಳಿಸಲು ಸೆಂಟರ್‌ನನ್ನು ಬಿಟ್ಟಿತು ಅಂದರೆ ಊರಿನವರು ಸುಮ್ನೆ ಬಿಡುತ್ತಾರಾ?

ಸರಿ, ಟ್ರೇಡ್? ಒಪ್ಪಂದ ಮುಗಿದವನನ್ನು ನೇರವಾಗಿ ಟ್ರೇಡ್ ಮಾಡಲು ಆಗುವುದಿಲ್ಲ. ಇರುವ ದಾರಿ ಒಂದೇ, ಸೈನ್ ಅಂಡ್ ಟ್ರೇಡ್: ಹಳೇ ತಂಡ ಹೊಸ ಒಪ್ಪಂದ ಬರೆದು, ಅದೇ ಕ್ಷಣ ಆಟಗಾರನನ್ನು ಕಳುಹಿಸುವುದು. ಇದಕ್ಕೆ ಎರಡೂ ತಂಡಗಳ ಜೊತೆ ಆಟಗಾರನೂ ಒಪ್ಪಬೇಕು. 2020ರಲ್ಲಿ ಸ್ಯಾಕ್ರಮೆಂಟೊ ಕಿಂಗ್ಸ್ ಇದನ್ನು ಕಷ್ಟಪಟ್ಟು ಕಲಿತಿತು. ಬೊಗ್ಡಾನ್ ಬೊಗ್ಡಾನೊವಿಚ್‌ನನ್ನು ಮಿಲ್ವಾಕಿ ಬಕ್ಸ್‌ಗೆ ಕೊಟ್ಟು ಡಾಂಟೆ ಡಿವಿನ್ಸೆಂಜೊ ಮುಂತಾದವರನ್ನು ಪಡೆಯುವುದು ಅಂತ ಸುದ್ದಿ ಹೊರಬಿತ್ತು. ಆದರೆ ಹುಡುಗ ಒಪ್ಪಿರಲೇ ಇಲ್ಲ! ವ್ಯವಹಾರ ಮುರಿದುಬಿತ್ತು. ಫ್ರೀ ಏಜೆನ್ಸಿ (ಒಪ್ಪಂದ ಮುಗಿದವರ ಜೊತೆ ಮಾತಾಡುವ ಅವಧಿ) ಶುರುವಾಗುವ ಮೊದಲೇ ಮಾತುಕತೆ ನಡೆಸಿದ್ದಕ್ಕೆ ಲೀಗ್ ಬಕ್ಸ್‌ನ ಒಂದು ಎರಡನೇ ಸುತ್ತಿನ ಪಿಕ್ (ಡ್ರಾಫ್ಟ್‌ನಲ್ಲಿ ಆರಿಸುವ ಹಕ್ಕು) ಕಿತ್ತುಕೊಂಡಿತು. ಆಮೇಲೆ ಅಟ್ಲಾಂಟಾ 4 ವರ್ಷಕ್ಕೆ 72 ಮಿಲಿಯನ್ ಆಫರ್ ಶೀಟ್ ಕೊಟ್ಟಿತು, ಕಿಂಗ್ಸ್ ಸರಿಗಟ್ಟಲಿಲ್ಲ. ಒಳ್ಳೆಯ ಆಟಗಾರ ಹೋದ, ಬದಲಿಗೆ ಯಾರೂ ಬರಲಿಲ್ಲ.

ಒಪ್ಪಿದರೂ ಲೆಕ್ಕ ಕೂಡುವುದು ಕಷ್ಟ. ಕ್ಯಾಪ್ ದಾಟಿದ ತಂಡದ ಟ್ರೇಡ್‌ನಲ್ಲಿ ಕೊಡುವ ಸಂಬಳವೂ ಪಡೆಯುವ ಸಂಬಳವೂ ಹೆಚ್ಚುಕಡಿಮೆ ಹೊಂದಬೇಕು. ಕ್ಯಾಪ್ ದಾಟಿದ ತಂಡ ಹೀಗೆ ಸಂಬಳ ದಿಢೀರ್ ಏರಿದ ಆಟಗಾರನನ್ನು ಕಳುಹಿಸಿದರೆ, ಅದರ ಲೆಕ್ಕಕ್ಕೆ ಹೊಸ ಸಂಬಳದ ಅರ್ಧ ಅಥವಾ ಹಳೇ ಸಂಬಳ, ಯಾವುದು ಜಾಸ್ತಿಯೋ ಅಷ್ಟನ್ನೇ ಹಿಡಿಯುತ್ತಾರೆ. ಏಟನ್‌ನ ಹಳೇ ಸಂಬಳ 12.6 ಮಿಲಿಯನ್, ಹೊಸದರ ಅರ್ಧ ಸುಮಾರು 15.5. ಅಂದರೆ ಸನ್ಸ್ ಕೊಡುವುದು 15.5ರ ಆಟಗಾರ, ಎದುರಿನವರಿಗೆ ಸಿಗುವುದು 30.9ರ ಆಟಗಾರ. ಒಂದೇ ಮೂಟೆಗೆ ಎರಡು ತಕ್ಕಡಿ. ಇದರ ಮೇಲೆ, ಹೀಗೆ ಪಡೆದ ತಂಡ ಆ ವರ್ಷ ಪೂರ್ತಿ ಏಪ್ರನ್ ಅನ್ನುವ ಇನ್ನೊಂದು ಗೆರೆಯನ್ನು ದಾಟುವಂತಿಲ್ಲ. ಅದೇ ಬೇಸಿಗೆಯಲ್ಲಿ ಕೆವಿನ್ ಡುರಾಂಟ್ ಬ್ರೂಕ್ಲಿನ್‌ನಿಂದ ಹೊರಡುತ್ತೇನೆ ಅಂದ. ಎಲ್ಲರೂ ಏಟನ್ ಕೊಟ್ಟು ಡುರಾಂಟ್ ತನ್ನಿ ಅಂತ ಕೂಗಿದರು. ಡುರಾಂಟ್ ಸಂಬಳ 44 ಮಿಲಿಯನ್. 15.5 ಹಿಡಿದುಕೊಂಡು 44ರ ಅಂಗಡಿಗೆ ಹೋಗುವುದು ಹೇಗೆ?

ಅಷ್ಟರಲ್ಲಿ ಜುಲೈ 14ರಂದು ಏಟನ್ ಪೇಸರ್ಸ್ ಆಫರ್ ಶೀಟ್‌ಗೆ ಸಹಿ ಹಾಕಿದ. ಸಹಿ ಬಿದ್ದ ಮೇಲೆ ಸೈನ್ ಅಂಡ್ ಟ್ರೇಡ್ ದಾರಿಯೂ ಬಂದ್. ಇನ್ನು ಉಳಿದದ್ದು ಸರಿಗಟ್ಟುವುದು, ಇಲ್ಲಾ ಬಿಡುವುದು. ಸನ್ಸ್ ಎರಡು ದಿನ ಕಾಯಲಿಲ್ಲ, ಅವತ್ತೇ ಸರಿಗಟ್ಟಿತು.

ಸರಿಗಟ್ಟಿ ಮಾರನೇ ದಿನ ಕಳುಹಿಸೋಣ ಅಂದರೆ ಅದಕ್ಕೂ ಬೀಗ. 2023ರ ಜನವರಿ 15ರವರೆಗೆ ಟ್ರೇಡ್ ಮಾಡುವಂತಿಲ್ಲ. ಒಂದು ವರ್ಷ ಅವನ ಒಪ್ಪಿಗೆ ಇಲ್ಲದೆ ಎಲ್ಲಿಗೂ ಕಳುಹಿಸುವಂತಿಲ್ಲ. ಪೇಸರ್ಸ್‌ಗಂತೂ ಆ ಒಂದು ವರ್ಷ ಒಪ್ಪಿದರೂ ಇಲ್ಲ.

ನನ್ನ ಅಭಿಪ್ರಾಯ ಕೇಳಿದರೆ, 2022ರ ಜುಲೈನಲ್ಲಿ ಸನ್ಸ್ ಮಾಡಿದ್ದು ಸರಿ. ತಪ್ಪಿದ್ದು ಅದಕ್ಕೆ ಒಂಬತ್ತು ತಿಂಗಳ ಮೊದಲು. 2021ರ ಅಕ್ಟೋಬರ್‌ನಲ್ಲಿ ಒಪ್ಪಂದ ಮುಂದುವರಿಸುವ ಅವಕಾಶ ಇತ್ತು. ಏಟನ್ ಐದು ವರ್ಷಕ್ಕೆ ಗರಿಷ್ಠ ಸಂಬಳ ಕೇಳಿದ, ಮಾತು ಕೂಡಲಿಲ್ಲ. ಅದೇ ತಿಂಗಳು ಬ್ರಿಜಸ್‌ಗೆ 4 ವರ್ಷಕ್ಕೆ 90 ಮಿಲಿಯನ್ ಕೊಟ್ಟರು. ಪಕ್ಕದವನಿಗೆ ಬಡಿಸಿ ತನ್ನ ಎಲೆ ಖಾಲಿ ಬಿಟ್ಟರೆ ಯಾರಿಗೆ ಬೇಜಾರಾಗುವುದಿಲ್ಲ ಹೇಳಿ. ಆಗಲೇ ಒಪ್ಪಿಕೊಂಡಿದ್ದರೆ ವರ್ಷದ ಸಂಬಳ ಶುರುವಾಗುವುದು ಅದೇ 30.9 ಮಿಲಿಯನ್‌ನಿಂದ. ಆದರೆ 2022ರ ಜುಲೈಗೆ ಅವನು ಪೂರ್ತಿ 30.9ರ ಲೆಕ್ಕದಲ್ಲಿ ಟ್ರೇಡ್‌ಗೆ ಸಿಗುತ್ತಿದ್ದ. ಅವನ ಒಪ್ಪಿಗೆ ಬೇಕಿರಲಿಲ್ಲ, ಜನವರಿವರೆಗೆ ಕಾಯಬೇಕಿರಲಿಲ್ಲ, ಅರ್ಧ ಲೆಕ್ಕದ ಕಾಟವೂ ಇರಲಿಲ್ಲ. ಆಮೇಲೆ ನೋಡೋಣ, ಬೇರೆಯವರು ಎಷ್ಟು ಕೂಗುತ್ತಾರೋ ಅಷ್ಟು ಕೊಟ್ಟರಾಯಿತು ಅಂದುಕೊಂಡರು. ಬೇರೆಯವರು ಕೂಗಿದ್ದೂ ಗರಿಷ್ಠವನ್ನೇ. ಉಳಿದದ್ದು ಮುಖ್ಯವಾಗಿ ಐದನೇ ವರ್ಷದ ಸಂಬಳ, ಕಳೆದದ್ದು ಆಟಗಾರನ ಮನಸ್ಸು.

ಕೊನೆಗೆ ಡುರಾಂಟ್ 2023ರ ಫೆಬ್ರವರಿಯಲ್ಲಿ ಬಂದ. ಆದರೆ ಅವನಿಗಾಗಿ ಹೋದದ್ದು ಬ್ರಿಜಸ್, ಕ್ಯಾಮ್ ಜಾನ್ಸನ್, ಜೇ ಕ್ರೌಡರ್, ನಾಲ್ಕು ಮೊದಲ ಸುತ್ತಿನ ಪಿಕ್. ಏಟನ್ ಅಲ್ಲ.

ಹಾಗಾದರೆ 133 ಮಿಲಿಯನ್ ದಂಡವಾಯಿತಾ? ಪೂರ್ತಿ ಅಲ್ಲ. ಆ ಒಂದು ವರ್ಷದ ಬೀಗ ತೆಗೆದ ಮೇಲೆ, 2023ರ ಸೆಪ್ಟೆಂಬರ್‌ನಲ್ಲಿ ಡೇಮಿಯನ್ ಲಿಲ್ಲಾರ್ಡ್ ಮಿಲ್ವಾಕಿಗೆ ಹೋದ ಮೂರು ತಂಡಗಳ ಟ್ರೇಡ್‌ನಲ್ಲಿ ಏಟನ್ ಪೋರ್ಟ್‌ಲೆಂಡ್ ಸೇರಿದ. ಸನ್ಸ್‌ಗೆ ಯೂಸುಫ್ ನುರ್ಕಿಚ್, ಗ್ರೇಸನ್ ಆಲೆನ್, ನಸೀರ್ ಲಿಟಲ್, ಕಿಯಾನ್ ಜಾನ್ಸನ್ ಬಂದರು. ದೊಡ್ಡ ನೋಟು ಕೊಟ್ಟು ಚಿಲ್ಲರೆ ತಂದ ಹಾಗೆ. ಅದರಲ್ಲಿ ಆಲೆನ್ ಆ ಸೀಸನ್‌ನಲ್ಲಿ ತ್ರೀ ಪಾಯಿಂಟ್ (ದೂರದಿಂದ ಹಾಕುವ ಮೂರು ಪಾಯಿಂಟ್ ಎಸೆತ) ಶೇಕಡಾವಾರಿನಲ್ಲಿ ಇಡೀ ಲೀಗ್‌ಗೆ ಮೊದಲಿಗ. 2022ರಲ್ಲೇ ಏಟನ್‌ನನ್ನು ಬಿಟ್ಟಿದ್ದರೆ ಈ ನಾಲ್ವರಲ್ಲಿ ಒಬ್ಬನೂ ಬರುತ್ತಿರಲಿಲ್ಲ.

ಪೋರ್ಟ್‌ಲೆಂಡ್ ಕೂಡ 2025ರಲ್ಲಿ ಏಟನ್‌ನ ಒಪ್ಪಂದ ಮುರಿದು ಬೈಔಟ್ ಕೊಟ್ಟು ಕಳುಹಿಸಿತು, ಅವನು ಲೇಕರ್ಸ್ ಸೇರಿದ. ಅಲ್ಲಿ ಉಳಿದದ್ದು ಟೌಮಾನಿ ಕಮಾರಾ. ಆಗತಾನೇ 52ನೆಯವನಾಗಿ ಡ್ರಾಫ್ಟ್ ಆಗಿದ್ದ ಆ ಹುಡುಗನನ್ನು ಸನ್ಸ್ ಏಟನ್ ಜೊತೆ ಕೊಸರಿಗೆ ಅಂತ ಕೊಟ್ಟಿತ್ತು. 2025ರಲ್ಲಿ ಅವನು ಲೀಗ್‌ನ ಆಲ್ ಡಿಫೆನ್ಸಿವ್ (ವರ್ಷದ ಒಳ್ಳೆಯ ರಕ್ಷಣಾ ಆಟಗಾರರ) ಎರಡನೇ ತಂಡಕ್ಕೆ ಆಯ್ಕೆಯಾದ.