ಡೋಸರ್ ಆಮೇಲೆ ತನ್ನಿ, ಮೊದಲು ಡ್ರಮ್ಮಿನ ಮುಚ್ಚಳ ತೆಗೆಯಿರಿ

ಸರ್, ನೀರಿನ ಟೆಸ್ಟಿನಲ್ಲಿ ಇ. ಕೋಲಿ (ಮಲದಿಂದ ಬರುವ ಬ್ಯಾಕ್ಟೀರಿಯಾ) ಬಂದಿದೆ, ಸಮಿತಿ ದುಡ್ಡಲ್ಲಿ ನೀರಿಗೆ ಅಳತೆಯಂತೆ ಕ್ಲೋರಿನ್ ಬಿಡುವ ಹೊಸ ಯಂತ್ರ, ಅಂದರೆ ಡೋಸರ್ ತರುತ್ತೇವೆ, ಯಾವ ಕಂಪನಿಯದು ಒಳ್ಳೆಯದು ಅಂತ ಕೇಳಿದ್ದೀರಿ. ಕಂಪನಿ ಇರಲಿ. ನೀವು ಹಾಕಿದ ರಿಜಿಸ್ಟರ್ ಫೋಟೋ ನೋಡಿ ನನಗೆ ಎದೆ ಧಸಕ್ ಎಂದಿತು. ನೀರಿನಲ್ಲಿ ಉಳಿದ ಕ್ಲೋರಿನ್ ಲೀಟರಿಗೆ ಎಷ್ಟು ಮಿಲಿಗ್ರಾಂ ಅನ್ನುವ ಕಾಲಂನಲ್ಲಿ ತಿಂಗಳಿಡೀ 0.5, 0.5, 0.5. ಒಂದೇ ಪೆನ್ನು, ಒಂದೇ ಕೈಬರಹ.

ನಮ್ಮಲ್ಲೂ ಹೀಗೇ ಇತ್ತು. ನಾನೇ ಕಾರ್ಯದರ್ಶಿ, ತಿಂಗಳಿಗೊಮ್ಮೆ ಸುಮ್ನೆ ಸಹಿ ಹಾಕುತ್ತಿದ್ದೆ. ಮಕ್ಕಳಿಗೆ ಭೇದಿ ಶುರುವಾದ ಮೇಲೆ ಟ್ಯಾಂಕ್ ಹತ್ತಿ ನೋಡಿದರೆ ಬ್ಲೀಚಿಂಗ್ ಪೌಡರ್ ಕಲಸಿದ ನೀರು ತುಂಬುವ ಡ್ರಮ್ಮಿನ ತಳದಲ್ಲಿ ಒಣಗಿದ ಗಸಿ, ಮುಚ್ಚಳದ ಒಳಗೆ ಜೇಡರ ಬಲೆ. ನೀರುಗಂಟಿಗೆ ಎಲ್ಲರೂ ಸೇರಿ ಬೈದೆವು. ಪಾಪ, ಬ್ಲೀಚಿಂಗ್ ಪೌಡರ್ ಮುಗಿದಿದೆ ಅಂತ ಅವರು ಎರಡು ಸಲ ಹೇಳಿದ್ದರು. ಖರೀದಿಗೆ ಸಹಿ ಹಾಕಬೇಕಾದ ಇಬ್ಬರು ಮಾತು ಬಿಟ್ಟು ಕೂತಿದ್ದರು. ಕಾಲಂ ಖಾಲಿ ಬಿಟ್ಟರೆ ಬೈಗುಳ, 0.5 ಬರೆದರೆ ನೆಮ್ಮದಿ. ಅವರು ಬರೆದರು.

ಕೆನಡಾದ ವಾಕರ್ಟನ್‌ನಲ್ಲಿ 2000ದಲ್ಲಿ ಆದದ್ದೂ ಇದೇ ಅಲ್ವಾ? ಕ್ಲೋರಿನ್ ಯಂತ್ರ ಅಲ್ಲೂ ಇತ್ತು. ಅಳೆಯದೇ 0.5, 0.75 ಅಂತ ಬರೆದಿಟ್ಟರು. 7 ಜನ ಸತ್ತರು, 2,000ಕ್ಕೂ ಜಾಸ್ತಿ ಜನ ಕಾಯಿಲೆ ಬಿದ್ದರು.

ನಮ್ಮಲ್ಲಿ ಈಗ ಕ್ಲೋರಿನ್ ಹಾಕುವವರು ಅಳೆಯುವುದಿಲ್ಲ. ಲೈನಿನ ಕೊನೇ ನಲ್ಲಿಯ ಮನೆಗಳವರು ವಾರಕ್ಕೊಬ್ಬರಂತೆ ದಿನಾ ಅಳೆದು, ಎಲ್ಲರಿಗೂ ಕಾಣುವ ಬೋರ್ಡಿನ ಮೇಲೆ ಬರೆಯುತ್ತಾರೆ. ಲೀಟರಿಗೆ 0.2 ಮಿಲಿಗ್ರಾಂಗಿಂತ ಕಡಿಮೆ ಬಂದರೆ ಅವತ್ತೇ ಫೋನ್. ಟ್ಯಾಂಕಿನ ಹತ್ತಿರ ಅಳೆದು ಖುಷಿಪಡಬೇಡಿ, ಅಲ್ಲಿ ಯಾವಾಗಲೂ ಚೆನ್ನಾಗೇ ಬರುತ್ತದೆ. ಪೌಡರ್ ತರಲು ಸಭೆಯೂ ಬೇಡ. ನೀರುಗಂಟಿ ಕೈಯಲ್ಲಿ ಒಂದಿಷ್ಟು ದುಡ್ಡು ಇರಲಿ, ಲೆಕ್ಕ ಆಮೇಲೆ.

ಹಾಗಂತ ಬೋರ್ಡು ನಂಬಿ ಲ್ಯಾಬ್ ಟೆಸ್ಟ್ ಬಿಡಬೇಡಿ. ನೀರು ಕದಡಿದ್ದರೆ ಕ್ಲೋರಿನ್ ಸರಿಯಾಗಿ ಕೆಲಸ ಮಾಡುವುದಿಲ್ಲ. ಫ್ಲೋರೈಡ್, ನೈಟ್ರೇಟ್ ಇದ್ದರಂತೂ ಅದು ಏನೂ ಮಾಡದು.

ಕ್ಲೋರಿನ್ ಅಳೆಯುವ ಕಿಟ್ಟಿನಲ್ಲಿ ಜಿಪುಣತನ ಬೇಡ. ನೀರಿಗೆ ಹಾಕಿದಾಗ ಹಳದಿ ಬಣ್ಣ ಬರುವ ಓಟಿಓ ಕಿಟ್ ಬಿಟ್ಟು, ಗುಲಾಬಿ ಬರುವ ಡಿಪಿಡಿ ಕಿಟ್ ತಗೊಳ್ಳಿ. ಕ್ಲೋರಿನ್ ವಿಪರೀತ ಇದ್ದರೆ ಗುಲಾಬಿ ಬಣ್ಣ ಬಂದು ತಕ್ಷಣ ಮಾಸುತ್ತದೆ, ಅದನ್ನು ಸೊನ್ನೆ ಅಂದುಕೊಂಡು ಇನ್ನಷ್ಟು ಸುರಿದವರಿದ್ದಾರೆ.

ಡೋಸರ್ ಯಾವ ಕಂಪನಿಯದಾದರೂ ಸರಿ, ಬಿಡಿಭಾಗ ಹತ್ತಿರದಲ್ಲಿ ಸಿಗಬೇಕು. ಚೀಲ ಒಡೆದಿಟ್ಟ ಪೌಡರ್ ಸತ್ವ ಕಳೆದುಕೊಳ್ಳುತ್ತದೆ, ಸಣ್ಣ ಪ್ಯಾಕೆಟ್ಟೇ ತನ್ನಿ. ಬಕೆಟ್ಟಿನಲ್ಲಿ ಕಲಸಿ ಬಿಟ್ಟು, ಮೇಲಿನ ತಿಳಿ ಮಾತ್ರ ಡ್ರಮ್ಮಿಗೆ ಹಾಕಿ. ಗಸಿ ಒಳಗೆ ಹೋದರೆ ಎಂಥ ಡೋಸರ್ ಆದರೂ ವಾರದಲ್ಲಿ ಕಟ್ಟಿಕೊಳ್ಳುತ್ತದೆ.